ಮಗಳ ಹೊಟ್ಟೆನೋವಿಗೆ ಮದುವೆ

ಹೊಸದುರ್ಗದ ಆ ಡಾಕ್ಟರಿಗೆ ನನ್ನ ಮಗಳ ಕಾಯಿಲೆ ತಿಳಿಯಲು ಅವಳ ಮುಖ ನೋಡುವ ಅಗತ್ಯವೂ ಬೀಳಲಿಲ್ಲ. ಮುಟ್ಟಿನ ದಿನಗಳಲ್ಲಿ ಮಂಡಿ ಎದೆಗೊತ್ತಿಕೊಂಡು ಮಲಗುತ್ತಾಳೆ, ಕಕ್ಕಸಿಗೆ ಹೋದರೆ ಅಳುತ್ತಲೇ ಬರುತ್ತಾಳೆ ಎಂದು ನಾನು ಹೇಳುತ್ತಿದ್ದರೆ, ಅವರು ಫೋನಿನಲ್ಲಿ ಕೊಬ್ಬರಿ ರೇಟು ವಿಚಾರಿಸುತ್ತಿದ್ದರು.

"ಸ್ಕ್ಯಾನಿಂಗ್ ನಾರ್ಮಲ್ ಐತಲ್ಲಮ್ಮ. ಮದುವೆ ಮಾಡ್ರಿ, ಒಂದು ಮಗು ಆದ್ರೆ ಎಲ್ಲಾ ಹೋಗುತ್ತೆ."

ಅಷ್ಟೆಲ್ಲ ಓದಿ ಕಲಿತದ್ದು ಮದುವೆ ದಲ್ಲಾಳಿ ಕೆಲಸ.

ನನ್ನ ನಾದಿನಿಗೆ ಅಷ್ಟೇ ಬೇಕಿತ್ತು. ವಾರದೊಳಗೆ ಹಿರಿಯೂರಿನ ಒಂದು ಸಂಬಂಧ ಹಿಡಿದು ತಂದಳು. ಬಿ.ಎಡ್. ಓದುತ್ತಿದ್ದ ಮಗಳು, "ಹೊಟ್ಟೆನೋವಿಗೆ ಗಂಡನ್ನ ಕಟ್ಕಬೇಕೇನಮ್ಮ?" ಎಂದಳು.

ಚಿಕ್ಕಜಾಜೂರಿನ ಕಡೆ ನನ್ನ ತವರಿಗೆ ಹೋಗಿದ್ದಾಗ ಅವಳಿಗೆ ಮತ್ತೆ ನೋವು ಬಂತು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನೇ ಕೇಳಿದರು: ಯಾವಾಗಿನಿಂದ, ಮುಟ್ಟಿಗೆ ಮೊದಲೇ ಶುರುವಾಗುತ್ತದೆಯೇ, ಕಕ್ಕಸಿನ ನೋವು ಆ ದಿನಗಳಲ್ಲೇ ಹೆಚ್ಚೇ, ಅರೆತಲೆನೋವು ಇದೆಯೇ. ಬಿ.ಪಿ. ನೋಡಿದರು.

"ಎಂಡೊಮೆಟ್ರಿಯೋಸಿಸ್ ಇರಬೇಕು ಕಣಮ್ಮ. ಗರ್ಭಕೋಶದ ಒಳಪದರದಂಥದ್ದು ಹೊರಗಡೇನೂ ಬೆಳೆಯುತ್ತೆ. ಸ್ಕ್ಯಾನಿಂಗಲ್ಲಿ ಕಾಣ್ಲೇಬೇಕು ಅಂತಿಲ್ಲ. ಮದುವೆ ಇದಕ್ಕೆ ಔಷಧಿ ಅಲ್ಲ."

ಹಾರ್ಮೋನ್ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ನೋಡೋಣ, ತಗ್ಗದಿದ್ದರೆ ಚಿತ್ರದುರ್ಗಕ್ಕೆ ದೊಡ್ಡ ಡಾಕ್ಟರ ಹತ್ತಿರ ಕಳಿಸುತ್ತೇನೆ ಎಂದರು.

ನಮ್ಮೂರಿನ ಮೆಡಿಕಲ್ ಶಾಪಿನವನು ಚೀಟಿ ನೋಡಿದ, ಮಗಳ ಕೊರಳು ನೋಡಿದ, ಜನ ತುಂಬಿದ ಅಂಗಡಿಯಲ್ಲಿ ಗಂಟಲೆತ್ತಿದ: "ಅಕ್ಕೋ, ಇವು ಮಕ್ಕಳಾಗದಂಗೆ ತಗಳ್ಳೋ ಮಾತ್ರೆ! ಯಾರಿಗ್ರಿ?"

"ನಿಂಗಲ್ಲ ಬಿಡಪ್ಪ. ಕೊಡು."

ಸುದ್ದಿ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ನಾದಿನಿ ಜಗಲಿಯಲ್ಲಿ ಕೂತಿದ್ದಳು.

"ಅತ್ತಿಗೆ, ಹಿರಿಯೂರೋರಿಗೆ ಗೊತ್ತಾದ್ರೆ ಏನಂತಾರೆ? ಎಸೀರಿ ಆ ಮಾತ್ರೆನ."

"ನೀನೇ ಫೋನ್ ಮಾಡಿ ಹೇಳವ್ವ. ಕಾಯಿಲೆ ಹೆಸರೂ ಹೇಳು, ನಾಲಿಗೆ ಹೊರಳಿದ್ರೆ."

ಹೇಳಿದಳು. ಅಂಥ ಕೆಲಸಕ್ಕೆ ಅವಳು ಎಂದೂ ತಡ ಮಾಡಿದವಳಲ್ಲ. ಮಾತ್ರೆ ಬಿಟ್ಟರೆ ಯೋಚನೆ ಮಾಡುತ್ತೇವೆಂದು ಹಿರಿಯೂರಿನಿಂದ ಉತ್ತರ ಬಂತು, ಏನೋ ದೊಡ್ಡ ಮನಸ್ಸು ಮಾಡಿದವರ ಹಾಗೆ. ಮಗಳು ಅತ್ತೆಯ ಎದುರಿಗೇ ಮಾತ್ರೆ ನುಂಗಿ, ನೀರು ಕುಡಿದು, "ಯೋಚ್ನೆ ಮಾಡೋದು ಬ್ಯಾಡಂತೆ ಅನ್ನು, ಅತ್ತೆ" ಎಂದು ಒಳಗೆ ಹೋದಳು.

ಮೊದಲ ತಿಂಗಳು ನೋವು ಅಷ್ಟೇ ಇತ್ತು. ಮೂರನೆಯ ತಿಂಗಳು ಮುಟ್ಟಿನ ದಿನವೇ ಬಿ.ಎಡ್. ಪಾಠಾಭ್ಯಾಸಕ್ಕೆಂದು ಶಾಲೆಗೆ ಹೋಗಿ, ನಿಂತುಕೊಂಡೇ ಪಾಠ ಮಾಡಿ ಬಂದಳು. ಪೂರ್ತಿ ವಾಸಿಯಾಗಿಲ್ಲ. ಆಗುತ್ತದೆಂದು ಡಾಕ್ಟರಮ್ಮನೂ ಹೇಳಿರಲಿಲ್ಲ.