ವಂಗಣದ ಸೂಜಿ

ಅವ್ವನ ಬಲಗಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದವಳು ನಾನೇ. ಸೂಜಿ ಒಳಹೊಕ್ಕಾಗ ಆ ಕಾಲು ನಡುಗಿದ್ದನ್ನು ನನ್ನ ಅಂಗೈ ಇನ್ನೂ ಮರೆತಿಲ್ಲ.

ತಪ್ಪು ಶುರುವಾದದ್ದು ಒಂದು ಶಬ್ದದಿಂದ. ಅಪ್ಪ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಫಿಟರ್. ಆಗ ಅಲ್ಲಿ ಹೊಸ ಶೆಡ್ಡುಗಳು ಏಳುತ್ತಿದ್ದವು, ಹೊಸ ಯಂತ್ರಗಳು ಬರುತ್ತಿದ್ದವು. ಮನೆಯಲ್ಲೂ ಯಂತ್ರದ್ದೇ ಮಾತು. ಗ್ರೀಸಿಗೆ ಮರಾಠಿಯಲ್ಲಿ ವಂಗಣ ಎನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಮಾಧವನಗರದಲ್ಲಿ ಮಗ್ಗದ ಮುಂದೆ ಇಡೀ ಪ್ರಾಯ ನಿಂತು ಕಳೆದ ಅವ್ವನ ಮೊಣಕಾಲು ಕಟಕಟ ಅನ್ನತೊಡಗಿದಾಗ ಅಪ್ಪ ಅದಕ್ಕೆ ಕಿವಿಗೊಟ್ಟು ಕೇಳಿದರು.

“ವಂಗಣ ತೀರೈತಿ. ತುಂಬಿಸಿದ್ರ ಆತು.”

“ನಾ ಏನ್ ನಿಮ್ಮ ಮಶೀನ ಏನ್ರಿ?”

“ಮಶೀನ ಇಷ್ಟ ಸಪ್ಪಳ ಮಾಡೂದಿಲ್ಲ ಬಿಡು.”

ಮೊಣಕಾಲಿಗೆ ‘ವಂಗಣದ ಸೂಜಿ’ ಹಾಕುವವನೊಬ್ಬ ಮನೆಮನೆಗೆ ತಿರುಗುತ್ತಿದ್ದ. ಡಾಕ್ಟರನಲ್ಲ, ಚೀಲವೊಂದಿತ್ತು ಅಷ್ಟೇ. ಅಪ್ಪ ಅವನನ್ನು ಕರೆತಂದರು. ಅವನು ಸೂಜಿಯನ್ನು ಬಿಸಿನೀರಲ್ಲಿ ಅದ್ದಿ ಅಂಗಿಯ ತುದಿಗೆ ಒರೆಸಿಕೊಂಡ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ನಾನು ಅದನ್ನು ಕಂಡೆ. ಕಂಡೂ ಬಾಯಿ ಬಿಡಲಿಲ್ಲ, ಕಾಲು ಹಿಡಿದೆ.

ಮೂರನೆಯ ದಿನ ಮೊಣಕಾಲು ಕೆಂಪಗೆ ಊದಿ ಕಾದ ಹಂಚಿನಂತಾಯಿತು. ಜ್ವರದಲ್ಲಿ ಅವ್ವ ಏನೇನೋ ಕನವರಿಸಿದಳು. ಟೆಂಪೋ ಮಾಡಿಕೊಂಡು ಮಿರಜಿನ ಆಸ್ಪತ್ರೆಗೆ ಓಡಿದೆವು. ದಾರಿಯ ಒಂದೊಂದು ತಗ್ಗಿಗೂ ಅವಳು ಚೀರಿದ್ದು ಕೇಳುತ್ತಲೇ ಇದೆ.

ಅಲ್ಲಿನ ಡಾಕ್ಟರಮ್ಮ ಅಥಣಿ ಕಡೆಯವರು. “ಒಳಗ ಕೀವು ತುಂಬೈತಿ. ಈಗಿಂದೀಗ ತೊಳೀಬೇಕು. ಕಾಲಷ್ಟ ಅಲ್ಲ, ಜೀವಾನೂ ಹೋದೀತು” ಅಂದರು. ಆವತ್ತೇ ಮೊಣಕಾಲ ಕೀಲನ್ನು ತೆರೆದು ತೊಳೆದರು. ಅವ್ವ ಉಳಿದಳು. ನಡೆಯುತ್ತಾಳೋ ಇಲ್ಲವೋ, ಯಾರೂ ಹೇಳಲಿಲ್ಲ.

ವಾರ ಕಳೆದ ಮೇಲೆ ಅಪ್ಪ ಅಳುಕುತ್ತಲೇ ಕೇಳಿದರು: “ಮತ್ತ ವಂಗಣ ಹಾಕಾಕ ಬರತೈತೇನ್ರಿ?”

“ವಂಗಣ ಅಲ್ರಿ ಕಾಕಾ. ಎಲುಬಿನ ತುದಿಗೆ ನುಣುಪಾದ ಒಂದು ಪದರ ಐತಿ, ಅದರಾಗ ಸಣ್ಣ ಸಣ್ಣ ಜೀವಕೋಶ ಇರತಾವ. ಪದರಾ ಕಾಯೂದು ಅವ. ಅಲ್ಲಿ ರಕ್ತ ಹರಿಯೂದಿಲ್ಲ, ಸತ್ತದ್ದರ ಜಾಗಾಕ್ಕ ಹೊಸದು ಬರೂದ ಇಲ್ಲ ಅಂತ ಅನ್ನಬಹುದು. ವರ್ಷಗಟ್ಟಲೆ ಒಂದೊಂದ ಸಾಯತಾವ, ಪದರ ಸೀಳತೈತಿ, ಸವೀತೈತಿ. ಅದ ಕಟಕಟ. ಕೀವು ಅಂತೂ ನಾಕ ದಿನದಾಗ ಭಾಳ ಕೊಂದಿರತೈತಿ.”

ಅಪ್ಪ ತಲೆ ತಗ್ಗಿಸಿದರು. ಮಂಚದ ಮೇಲಿದ್ದ ಅವ್ವ ಮಾತ್ರ ಎದ್ದು ಕೂತಳು. ನಾವು ಜೈನರು, ಸಣ್ಣ ಜೀವವೂ ಸಾಯಬಾರದೆಂದು ಅವಳು ಸೋಸದ ನೀರು ಕುಡಿದವಳಲ್ಲ, ಕತ್ತಲಾದ ಮೇಲೆ ಉಂಡವಳಲ್ಲ. “ಅಂದ್ರ ನನ್ನ ಮೊಣಕಾಲಾಗ ಜೀವ ಅದಾವೇನ್ರಿ? ಇನ್ನೂ ಉಳದಾವ?”

“ಉಳದಾವ ಮಾವಶಿ. ಕಾಲ ಆಡಿಸಿದ್ರ ಅವಕ್ಕ ಊಟ. ಸುಮ್ನ ಮಲಗಿದ್ರ ಉಪವಾಸ.”

“ಉಪವಾಸ ಮಾಡಾಕ ನಾ ಅದೇನಿ, ಅವಕ್ಯಾಕ?”

ಮರುದಿನದಿಂದಲೇ ಶುರು. ಮೊದಲು ತೊಡೆ ಬಿಗಿಯುವುದು, ಆಮೇಲೆ ಕಾಲೆತ್ತುವುದು, ಕೊನೆಗೆ ಪಾದಕ್ಕೆ ಉಪ್ಪಿನ ಪೊಟ್ಟಣ ಕಟ್ಟಿ ಎತ್ತುವುದು. ನೋವಿಗೆ ಕಣ್ಣೀರು ಇಳಿಯುತ್ತಿತ್ತು. “ಸಾಕವ್ವಾ” ಅಂದರೆ ನನಗೇ ಬೈಗುಳ: “ಒಳಗಿನವು ಹಸಿದಾವ, ನೀ ಸಾಕಂತಿ!” ಬೇರೆ ಯಾರ ಮಾತಿಗೂ ಬಗ್ಗದ ಅವ್ವ ಕಣ್ಣಿಗೆ ಕಾಣದ ಆ ಜೀವಗಳಿಗೆ ಬಗ್ಗಿದ್ದಳು.

ಆರು ತಿಂಗಳ ನಂತರ ಮಿರಜಿನಲ್ಲಿ ತೋರಿಸಿಕೊಂಡು ಮಾಧವನಗರದ ಗಾಡಿಗೆ ಸ್ಟೇಷನ್ನಿಗೆ ಬಂದೆವು. ಗಾಡಿ ಆಚೆ ಪ್ಲಾಟ್‌ಫಾರ್ಮಿನಲ್ಲಿತ್ತು, ನಡುವೆ ಎತ್ತರದ ಮೇಲ್ಸೇತುವೆ. ಅಂದು ಕಾಲು ಹಿಡಿದ ಕೈಯನ್ನೇ ನಾನು ಚಾಚಿದೆ. ಅವ್ವ ಸರಿಸಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿದಳು. ನಡುವೆ ಒಮ್ಮೆ ನಿಂತಳು. ಮತ್ತೆ ಏರಿದಳು.

ಮೇಲೆ ತಲುಪಿ ತಿರುಗಿದಾಗ ಅಪ್ಪ ಇನ್ನೂ ಅರ್ಧದಲ್ಲಿ ಏದುಸಿರು ಬಿಡುತ್ತಿದ್ದರು.

“ಸಾವಕಾಶ ಬರ್ರಿ,” ಎಂದು ಕೂಗಿದಳು ಅವ್ವ, ಸ್ಟೇಷನ್ನಿಗೆಲ್ಲ ಕೇಳುವಂತೆ, “ಗಾಡಿ ನಾ ನಿಂದರಸ್ತೀನಿ!”