ಐದು ಪದಗಳ ಚೀಟಿ

ಟೆಕ್ಸಸ್‌ನಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ. ನಾವು ಫುಟ್‌ಬಾಲ್ ಎನ್ನುವುದಕ್ಕೆ ಅಲ್ಲಿ ಸಾಕರ್ ಎಂದು ಹೆಸರು, ಎರಡನೆಯ ಪಂಕ್ತಿಯಲ್ಲಿ ಎಲೆ. ಆ ಪಂಕ್ತಿಯಲ್ಲೂ ಕೊನೆಗೆ ಕೂತ ತಂಡ ಹ್ಯೂಸ್ಟನ್ನಿನ ದಕ್ಷಿಣದಂಚಿನ ಗಲ್ಫ್ ಹೆರಾನ್ಸ್. ಬಾಡಿಗೆಗೆ ಹಿಡಿದ ಹೈಸ್ಕೂಲ್ ಮೈದಾನ, ಕೊಲ್ಲಿಯ ಕಡೆಯಿಂದ ಬೀಸುವ ಉಪ್ಪುಗಾಳಿ, ಕಡಿಮೆ ಸಂಬಳದ ಇಪ್ಪತ್ತೆರಡು ಆಟಗಾರರು. ಇವರ ಮೈಕೈ ನೋಡಿಕೊಳ್ಳುವ ಕೆಲಸವನ್ನು 2010ರಲ್ಲಿ, ತಂಡ ಹುಟ್ಟಿದ ವರ್ಷವೇ ವಹಿಸಿಕೊಂಡು, ಈ ವರ್ಷ, 2019ರಲ್ಲಿ, ಅರವತ್ತೈದು ತುಂಬಿ ನಿವೃತ್ತರಾಗುತ್ತಿರುವವರು ಮೈಸೂರಿನ ಶ್ರೀ ರಘೂತ್ತಮ ಅವರು. ನಡುವೆ ಎರಡು ವರ್ಷ ಅವರು ತಂಡದಲ್ಲಿರಲಿಲ್ಲ. ಆ ಎರಡು ವರ್ಷಗಳ ಕಾರಣವನ್ನು ಮರೆಮಾಚದೆ ಬರೆಯುವುದಾದರೆ ಮಾತ್ರ ಈ ಅಭಿನಂದನ ಸಂಪುಟಕ್ಕೆ ತಮ್ಮ ಒಪ್ಪಿಗೆ ಎಂದು ಅವರು ಹೇಳಿದರು. ಆದ್ದರಿಂದ ಈ ಲೇಖನ ಹೊಗಳಿಕೆಯಷ್ಟೇ ಆಗಿ ಉಳಿಯಲಾರದು.

ಮೈಸೂರಿನ ಆಸ್ಪತ್ರೆಯಲ್ಲಿ ಫಿಸಿಯೊ ಆಗಿದ್ದ ರಘೂತ್ತಮರು ಹ್ಯೂಸ್ಟನ್ನಿಗೆ ಬಂದು, ಪಾರ್ಶ್ವವಾಯು ಪೀಡಿತರನ್ನು ನಡೆಸುವ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದರು. ಹೆರಾನ್ಸ್ ಸೇರಿದ ಮೇಲೆ ಅವರ ಕೋಣೆಗೆ ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ಹೊಂಡುರಾಸಿನಿಂದ ಬಂದ ಆಟಗಾರನೊಬ್ಬನಿಗೆ ತಾಯಿ ತೀರಿಕೊಂಡ ಸುದ್ದಿ ಬಂದಾಗ, ವೀಸಾ ತೊಡಕಿನಿಂದ ಹೋಗಲಾಗದ ಅವನನ್ನು ಹದಿಮೂರು ದಿನ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಪತ್ನಿ ಸರೋಜಾ ಅವರು ಅವನ ಭಾಷೆ ತಿಳಿಯದೆಯೇ ಅವನಿಗೆ ಬಡಿಸಿದರು. ಅವನು ಅಳುವಾಗ ರಘೂತ್ತಮರು ಟಿ.ವಿ. ಆರಿಸಿ ಎದುರು ಸುಮ್ಮನೆ ಕೂರುತ್ತಿದ್ದರಂತೆ.

2013ರಲ್ಲಿ ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನ ಕನ್ನಡಿಗರ ಮನೆಯ ಮಗ ಸುಮುಖ್ ರಕ್ಷಣಾ ಆಟಗಾರನಾಗಿ ತಂಡಕ್ಕೆ ಬಂದ. ಇಪ್ಪತ್ತೆರಡು ವರ್ಷ. ಎಂಜಿನಿಯರಿಂಗ್ ಬಿಟ್ಟು ಚೆಂಡಿನ ಹಿಂದೆ ಹೋದನೆಂದು ಅವನ ತಂದೆ ಶ್ರೀಪತಿಯವರು ಒಂದು ವರ್ಷ ಅವನೊಡನೆ ಸರಿಯಾಗಿ ಮಾತಾಡಿರಲಿಲ್ಲ. ತಾಯಿ ನಾಗಮಣಿಯವರು ಪ್ರತಿ ಪಂದ್ಯಕ್ಕೂ ಬಂದು, ಆಟ ನೋಡಲಾಗದೆ ರಘೂತ್ತಮರ ಬೆನ್ನನ್ನೇ ನೋಡುತ್ತ ಕೂರುತ್ತಿದ್ದರು. ಆ ಬೆನ್ನು ಬೆಂಚಿನಿಂದ ಏಳದಿದ್ದರೆ ಮಗ ಕ್ಷೇಮ ಎಂದು ಅವರ ಲೆಕ್ಕ.

ತಲೆಗೆ ಪೆಟ್ಟು ಬಿದ್ದವನಿಗೆ ಐದು ಪದ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮರಳಿ ಕೇಳುವುದು ಆ ವೃತ್ತಿಯ ಕ್ರಮ. ತಡವರಿಸಿದರೆ ಅವನು ಅಂದು ಆಡುವಂತಿಲ್ಲ. ಪದಗಳ ಪಟ್ಟಿಗಳು ಹಲವು ಇದ್ದವು. ಆದರೆ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿದ್ದು ಒಂದೇ ಚೀಟಿ, ರಘೂತ್ತಮರ ಜೇಬಿನಲ್ಲಿ ಇರುತ್ತಿದ್ದುದೂ ಅದೊಂದೇ: ಬ್ರಿಡ್ಜ್, ಲೆಮನ್, ಮಿರರ್, ಹಾರ್ಸ್, ಸ್ಪೂನ್. ಉಳಿದವು ಪೆಟ್ಟಿಗೆಯ ತಳದಲ್ಲಿದ್ದವು. ತಂಡ ಕಟ್ಟಿದ ಮೊದಲ ಎರಡು ಋತು ಕಳೆಯುವಷ್ಟರಲ್ಲೇ ಆ ಐದು ಪದ ತಂಡಕ್ಕೆಲ್ಲ ಬಾಯಿಪಾಠವಾಯಿತು. ಡಾಲಸ್‌ನಿಂದ ಮರಳುವ ಬಸ್ಸಿನಲ್ಲಿ ಹುಡುಗರು ಅದನ್ನು ಚಪ್ಪಾಳೆ ತಟ್ಟಿ ಹಾಡಿ ಅವರನ್ನು ರೇಗಿಸುತ್ತಿದ್ದರು. ಸುಮುಖ್ ಸೀಟಿನ ಮೇಲಿಂದ ಬಗ್ಗಿ, "ಅಂಕಲ್, ನಿದ್ದೇಲಿ ಎಬ್ಬಿಸಿ ಕೇಳಿ, ಹೇಳ್ತೀನಿ. ಟ್ರೈ ಮಾಡಿ ಬೇಕಾದ್ರೆ" ಎಂದ. ರಘೂತ್ತಮರು ನಕ್ಕರು. ತಮ್ಮನ್ನು ಹುಡುಗರು ಮನೆಯವರಂತೆ ಕಾಣುತ್ತಾರೆಂಬ ಹಿಗ್ಗಿನ ನಗು ಅದು. ತಮ್ಮ ಬದುಕಿನಲ್ಲಿ ತಾವು ಹಿಂತೆಗೆದುಕೊಳ್ಳಬೇಕಾದ್ದು ಆ ನಗು ಒಂದೇ ಎಂದು ಅವರು ಮುಂದೆ ಹೇಳಿದ್ದುಂಟು.

2014ರ ಏಪ್ರಿಲಿನಲ್ಲಿ ಆಸ್ಟಿನ್‌ನ ಪಂದ್ಯ. ಮೊದಲರ್ಧದಲ್ಲಿ ಎದುರಾಳಿಯ ತಲೆಗೆ ಸುಮುಖನ ತಲೆ ಬಡಿಯಿತು. ವಿರಾಮದಲ್ಲಿ ರಘೂತ್ತಮರು ಜೇಬಿನ ಚೀಟಿ ತೆಗೆದರು. ಅವನು ಐದೂ ಪದಗಳನ್ನು ತಪ್ಪಿಲ್ಲದೆ ಹೇಳಿದ. ಅಷ್ಟು ಸರಾಗವಾಗಿ ಹೇಳಿದವನು ಬೂಟಿನ ದಾರ ಕಟ್ಟಲು ಎರಡು ಸಲ ಪ್ರಯತ್ನಿಸಿದ್ದನ್ನೂ ಅವರು ಕಂಡರು. ಕೋಚ್ ಬಾಗಿಲಲ್ಲಿ ನಿಂತಿದ್ದರು. ಆಡಬಹುದು ಎಂದು ರಘೂತ್ತಮರು ತಲೆಯಾಡಿಸಿದರು. ಎಪ್ಪತ್ತನೆಯ ನಿಮಿಷದಲ್ಲಿ ಸುಮುಖ್ ಒಂದು ಸಾಧಾರಣ ಚೆಂಡಿಗೆ ತಲೆಕೊಟ್ಟು ಬಿದ್ದ. ಗ್ಯಾಲರಿಯಲ್ಲಿದ್ದ ನಾಗಮಣಿಯವರು ಆ ಬೆನ್ನು ಬೆಂಚಿನಿಂದ ಏಳುವುದನ್ನು ಕಂಡರು.

ಮೆದುಳಿನಲ್ಲಿ ರಕ್ತಸ್ರಾವ, ಶಸ್ತ್ರಚಿಕಿತ್ಸೆ, ನಲವತ್ತು ದಿನ ಆಸ್ಪತ್ರೆ. ಪ್ರಾಣ ಉಳಿಯಿತು. ಬಲಗಾಲಿನ ಬಲ, ಹೊಸತನ್ನು ನೆನಪಿಡುವ ಶಕ್ತಿ ಎರಡೂ ಉಳಿಯಲಿಲ್ಲ. ಆಟಗಾರನೇ ತನ್ನ ಸ್ಥಿತಿಯನ್ನು ಬಚ್ಚಿಟ್ಟನೆಂಬ ಹೇಳಿಕೆ ಸಿದ್ಧಪಡಿಸಿ ಕ್ಲಬ್ಬಿನ ಆಗಿನ ಆಡಳಿತ ರಘೂತ್ತಮರ ಮುಂದಿಟ್ಟಿತು. ಸಹಿ ಹಾಕಿದರೆ ಕೆಲಸ, ಲೈಸೆನ್ಸು ಎರಡೂ ಭದ್ರ. ಹಾಕದಿದ್ದರೆ ಎರಡೂ ಇಲ್ಲ. ಅವರು ಆ ಕಾಗದವನ್ನು ಮನೆಗೆ ಒಯ್ದು ಹನ್ನೊಂದು ದಿನ ಇಟ್ಟುಕೊಂಡರು. ಸಜ್ಜನರೆಂದು ನಾವು ಗೌರವಿಸುವವರು ಹನ್ನೊಂದು ದಿನ ಯೋಚಿಸಿದರು ಎಂಬುದನ್ನೂ ಬರೆಯಬೇಕೆಂದು ಅವರ ಅಪ್ಪಣೆ.

ಹನ್ನೆರಡನೆಯ ದಿನ ಸೈಪ್ರೆಸ್‌ನ ಮನೆಗೆ ಹೋದರು. ಶ್ರೀಪತಿಯವರು ಎದ್ದು ಒಳಗೆ ನಡೆದುಬಿಟ್ಟರು. ನಾಗಮಣಿಯವರು ನೀರು ತಂದಿಟ್ಟು, ತಮ್ಮ ನಿದ್ದೆ ಕೆಡಿಸಿದ್ದ ಪ್ರಶ್ನೆಯನ್ನು ಕೇಳಿದರು. "ಸುಳ್ಳು ಹೇಳಿ ಆಡಿದ ಅಂತಾರೆ ಸರ್. ಹೌದಾ? ನನ್ ಮಗ ಹಾಗೆ ಮಾಡ್ದನಾ?"

"ಇಲ್ಲಮ್ಮ. ಅವನಿಗೆ ಬಾಯಿಪಾಠ ಆಗಿದ್ದನ್ನೇ ನಾನು ಕೇಳಿದೆ. ಬಾಯಿಪಾಠ ಅಂತ ನಂಗೂ ಗೊತ್ತಿತ್ತು."

ಒಳಕೋಣೆಯಲ್ಲಿ ಗಾಲಿಕುರ್ಚಿಯ ಸದ್ದಾಯಿತು. ರಘೂತ್ತಮರು ಕ್ಷಮೆಯ ಮಾತಿಗೆ ಬಾಯಿ ತೆರೆದಾಗ ಆಕೆ ತಡೆದರು.

"ಅದನ್ನ ಕೇಳ್ಬೇಡಿ, ಕೊಡಕ್ಕೆ ನನ್ ಹತ್ರ ಇಲ್ಲ. ಶನಿವಾರ ಬನ್ನಿ. ಅವನ ಕಾಲು ಆಡಿಸೋರು ಬೇಕು."

ಮರುದಿನ, ಈ ಪ್ರಕರಣದ ವಿಚಾರಣೆಯಲ್ಲಿ ರಘೂತ್ತಮರು ಚೀಟಿಯನ್ನು ಮೇಜಿನ ಮೇಲಿಟ್ಟು, ಬಸ್ಸಿನ ಹಾಡಿನಿಂದ ಬೂಟಿನ ದಾರದವರೆಗೆ ಎಲ್ಲವನ್ನೂ ಹೇಳಿದರು. ಸುಮುಖನ ಹೆಸರು ಶುದ್ಧವಾಯಿತು. ಇವರ ಕೆಲಸ ಹೋಯಿತು, ಲೈಸೆನ್ಸು ಒಂದು ವರ್ಷ ಅಮಾನತಾಯಿತು. ಆ ಎರಡು ವರ್ಷ ಪ್ಲೇನೋ, ಮರ್ಫಿ, ಆಸ್ಟಿನ್ ಊರುಗಳ ಶಾಲೆಗಳಿಗೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ, ಕರೆದವರಿಗೆಲ್ಲ ತಮ್ಮ ತಪ್ಪನ್ನೇ ಪಾಠವಾಗಿ ಹೇಳಿದರು. ಕೈಯಲ್ಲಿ ಬರೆದ ಪಟ್ಟಿ, ಒಂದೇ ಸಲದ ಬಳಕೆ, ಕೇಳಿದ ಕೂಡಲೇ ಹರಿದುಹಾಕುವುದು: ಅವರ ಬಳಿ ಕಲಿತವರೆಲ್ಲ ಮೊದಲು ಕಲಿತದ್ದು ಇದನ್ನೇ. 2016ರಲ್ಲಿ ಕ್ಲಬ್ಬಿನ ಹೊಸ ಆಡಳಿತ ಮರಳಿ ಕರೆದಾಗ, ಪರೀಕ್ಷೆಯ ಹೊತ್ತಿನಲ್ಲಿ ಕೋಚ್ ಬಾಗಿಲಲ್ಲಿ ನಿಲ್ಲಕೂಡದು ಎಂಬ ಷರತ್ತಿನ ಮೇಲೆ ಹೋದರು. ಬಾಗಿಲು ಹಾಕದ ಕೋಣೆಗೆ ಚಿಲಕ ಬಂತು. ಮೂರು ವರ್ಷದಲ್ಲಿ ಹದಿನಾಲ್ಕು ಜನರನ್ನು ಆಟದಿಂದ ಹೊರಗಿಟ್ಟರು. ಅವರಲ್ಲಿ ಹೆಚ್ಚಿನವರು ಬೈದರು. ಬಸ್ಸಿನಲ್ಲಿ ರಘೂತ್ತಮರನ್ನು ಯಾರೂ ರೇಗಿಸಲಿಲ್ಲ, ಪಕ್ಕದ ಸೀಟು ಖಾಲಿಯೇ ಇತ್ತು.

ಶನಿವಾರಗಳು ಮಾತ್ರ ತಪ್ಪಲಿಲ್ಲ. ಶ್ರೀಪತಿಯವರು ಇಂದಿಗೂ ಒಳಗೆ ಎದ್ದು ಹೋಗುತ್ತಾರೆ. ನಾಗಮಣಿಯವರು ನೀರು ಇಡುತ್ತಾರೆ. ಕಾಲಿನ ವ್ಯಾಯಾಮ ಮುಗಿದ ಮೇಲೆ ಐದು ಹೊಸ ಪದ. ಹೋದ ಶನಿವಾರ ಸುಮುಖ್ ಎರಡನ್ನು ಹಿಡಿದ, ಅದು ಒಳ್ಳೆಯ ದಿನ. ರಘೂತ್ತಮರು ಚೀಟಿ ಹರಿದು ಎದ್ದರು. ಅಷ್ಟರಲ್ಲಿ ಸುಮುಖ್ ಎಡಗೈಯಿಂದ ಕುರ್ಚಿಯ ತೋಳು ತಟ್ಟುತ್ತ, ಎದುರಿನವರ ಹೆಸರು ನೆನಪಿಲ್ಲದವನು, ತಪ್ಪಿಲ್ಲದೆ ಹೇಳಿದ: "ಬ್ರಿಡ್ಜ್, ಲೆಮನ್, ಮಿರರ್, ಹಾರ್ಸ್, ಸ್ಪೂನ್." ಹೇಳಿ, ಶಹಬ್ಬಾಸಿಗಾಗಿ ಮುಖ ನೋಡಿದ. ರಘೂತ್ತಮರು ಈ ಸಲ ನಗಲಿಲ್ಲ. ಮತ್ತೆ ಕೂತು, ಜೇಬಿನಿಂದ ಇನ್ನೊಂದು ಚೀಟಿ ತೆಗೆದರು.

ಅವರಿಗೆ ದೀರ್ಘಾಯುಷ್ಯವಾಗಲಿ ಎಂದು ಹಾರೈಸುತ್ತೇವೆ. ಅದು ಸುಖದ ವಿಶ್ರಾಂತಿಗಾಗಿ ಎನ್ನಲು ನಾಲಿಗೆ ಏಳುವುದಿಲ್ಲ. ಸೈಪ್ರೆಸ್‌ನ ಆ ಮನೆಗೆ ಇನ್ನೂ ಬಹಳ ಶನಿವಾರಗಳು ಬೇಕಾಗಿವೆ.