ತಾಹೇರ ಮಿಸ್ತ್ರಿ ಬಗ್ಗಿಸಿದ ಪೈಪು

ಕೊಪ್ಪಳದ ತಾಹೇರ ಮಿಸ್ತ್ರಿಗೆ ಅರವತ್ತಮೂರು. ನಲವತ್ತು ವರ್ಷ ಡೀಸೆಲ್ ಎಂಜಿನ್ನುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಣಕಾಲು ಸವೆದಿವೆ, ಕಿವಿ ಅರ್ಧ ಹೋಗಿದೆ. "ಇನ್ನ ಸಾಕು ಮಾಡ್ರಿ" ಎಂದು ಹೆಂಡತಿ ಅಮೀನಾಬೀ ದಿನಾ ಹೇಳುತ್ತಾಳೆ. ಅವನಿಗೂ ಸಾಕಾಗಿದೆ. ಆದರೆ ಎಂಜಿನ್ ವಿಷಯಕ್ಕೆ ಬಂದರೆ ಸುತ್ತಿನ ಹಳ್ಳಿಗಳಲ್ಲಿ ಮಿಸ್ತ್ರಿ ಅಂದದ್ದೇ ತೀರ್ಪು.

ಆ ತೀರ್ಪು ಎರಡು ತಿಂಗಳ ಹಿಂದೆ ಹನಮೇಶನ ತಲೆಯ ಮೇಲೆ ಬಿದ್ದಿತ್ತು. ಹಿನ್ನೀರಿನ ದಂಡೆಯ ಮಾರೆವ್ವ, ಆಚೆ ಹೊಲಗಳಿಗೆ ಕೂಲಿ ಹೆಣ್ಣುಮಕ್ಕಳನ್ನು ದಾಟಿಸುವ ದೋಣಿಗೆ ಹಳೆಯ ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿಕೊಂಡಿದ್ದಳು. ಕೂರಿಸಿದವನು ತಾಹೇರ, ನಡೆಸುತ್ತಿದ್ದವನು ಅವಳ ತಮ್ಮ ಹನಮೇಶ. ಒಂದು ಬೆಳಿಗ್ಗೆ ಹ್ಯಾಂಡಲ್ ತಿರುವಿದಾಗ ಧಡ್ ಎಂದು ಒಳಗಿನ ರಾಡು ಬಾಗಿತು. ಬಿಚ್ಚಿ ನೋಡಿದರೆ ಸಿಲಿಂಡರಿನ ತುಂಬ ನೀರು.

"ನಿಂತ ದೋಣಿಯೊಳಗೇ ನೀರು ಹೊಕ್ಕೈತ್ರಿ, ನಾ ಏನೂ ಮಾಡಿಲ್ಲ" ಎಂದ ಹನಮೇಶ.

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ. ಕುಡಿದು ದೋಣಿ ಮುಳುಗಿಸಿದ್ದಿ ನೀ" ಎಂದ ಮಿಸ್ತ್ರಿ, ನಾಲ್ಕು ಮಂದಿಯ ಮುಂದೆ.

ಮಾರೆವ್ವ ಅಲ್ಲೇ ತಮ್ಮನ ಕೈಯಿಂದ ಹ್ಯಾಂಡಲ್ ಕಸಿದುಕೊಂಡಳು. ಅವನು ಗಿಣಿಗೇರಿಯ ಕಾರ್ಖಾನೆಯಲ್ಲಿ ಚೀಲ ಹೊರಲು ಹೋದ. ಆಮೇಲೆ ಅಕ್ಕನ ಮನೆಯ ನೀರು ಕುಡಿದಿಲ್ಲ.

ಈಗ ಅದೇ ಎಂಜಿನ್ ಮತ್ತೆ ಹಾಗೇ ಕೆಟ್ಟಿತ್ತು. ಈ ಸಲ ಹ್ಯಾಂಡಲ್ ಮಾರೆವ್ವನ ಕೈಯಲ್ಲೇ ಇತ್ತು, ಅವಳಂತೂ ಕುಡಿಯುವವಳಲ್ಲ. ತಾಹೇರ ಹೆಡ್ ಬಿಚ್ಚಿದ. ಮತ್ತೆ ನೀರು. ಸುಸ್ತಾಗಿ ದೋಣಿಯ ಅಂಚಿನ ಮೇಲೆ ಕೂತ.

ಎಂಜಿನ್ ಇಲ್ಲದಿದ್ದರೆ ಹುಟ್ಟು ಹಾಕಿಕೊಂಡೇ ದಾಟೋಣವೆಂದು ಹೆಣ್ಣುಮಕ್ಕಳು ಹತ್ತಿದರು. ಭಾರಕ್ಕೆ ದೋಣಿಯ ಹಿಂಭಾಗ ತಗ್ಗಿತು. ಎಂಜಿನ್ನಿನ ಹೊಗೆ ಬಿಡುವ ಸೈಲೆನ್ಸರ್ ಪೈಪಿನ ಬಾಯಿ ನೀರಿಗೆ ಮುಟ್ಟಿತು. ಗಾಳಿ ಎಬ್ಬಿಸಿದ ಅಲೆಯೊಂದು ಬಂದು ಗುಳುಕ್ ಎಂದು ಒಳಗೆ ಹೋಯಿತು.

ತಾಹೇರ ಬಗ್ಗಿ ಆ ಬಾಯಿಯನ್ನೇ ನೋಡಿದ. ಹೊಲದ ಎಂಜಿನ್ನಿಗೆ ಮಳೆಹನಿ ಬೀಳದಂತೆ ಪೈಪಿನ ಬಾಯಿ ಕೆಳಗೆ ಬಗ್ಗಿಸುವುದು ಇಲ್ಲಿಯ ರೂಢಿ. ಈ ಎರೆನೆಲದಲ್ಲಿ ನೀರು ಬಂದರೆ ಮೇಲಿನಿಂದ, ಅದೂ ಬಂದರೆ ಬಂತು! ದೋಣಿಗೂ ಅವನು ಹಾಗೇ ಬಗ್ಗಿಸಿದ್ದ. ಎಂಜಿನ್ ಓಡುವಾಗ ಹೊಗೆಯೇ ನೀರನ್ನು ಹೊರಗೆ ತಳ್ಳುತ್ತಿತ್ತು, ನಿಂತಾಗ ಅಲೆ ಒಳಗೆ ಹೊಕ್ಕಿತ್ತು. ಪೈಪನ್ನು ಮೊದಲು ಆಳೆತ್ತರಕ್ಕೆ ಎತ್ತಿ, ಆಮೇಲೆ ಕೆಳಕ್ಕೆ ಇಳಿಸಿದ್ದರೆ ಅಲೆ ಆ ಏರು ಹತ್ತುತ್ತಿರಲಿಲ್ಲ.

ಸುಮ್ಮನೆ ಪೈಪು ಬದಲಿಸಿಬಿಟ್ಟರೆ ಯಾರಿಗೂ ತಿಳಿಯದು. ಒಂದು ಬೀಡಿ ಸೇದುವಷ್ಟು ಹೊತ್ತು ಅದನ್ನೇ ಯೋಚಿಸಿದ. ಉಳಿದಿರುವುದು ಇದೊಂದು ಹೆಸರು, ಅದನ್ನೂ ಕಳೆದುಕೊಳ್ಳಬೇಕೇ ಎನಿಸಿತು. ಆದರೆ ಮುಚ್ಚಿಡುವುದಕ್ಕೂ ತ್ರಾಣ ಬೇಕು, ಅದು ಅವನಲ್ಲಿರಲಿಲ್ಲ.

"ಮಾರೆವ್ವ, ತಪ್ಪು ನಂದೈತಿ" ಎಂದು ಎಲ್ಲ ಹೇಳಿದ.

ಅವಳು ಬಯ್ಯಲಿಲ್ಲ. "ನೀವು ಅಂದದ್ದು ನಂಬಿದೆ, ಒಡಹುಟ್ಟಿದವ ಅಂದದ್ದು ನಂಬಲಿಲ್ಲ. ನಿಮ್ಮದೊಂದು ತಪ್ಪಾದ್ರ ನಂದು ಎರಡ್ರಿ" ಎಂದಳು.

ತಾಹೇರ ಹನಮೇಶನಿಗೆ ಫೋನ್ ಹಚ್ಚಿದ. ಕಿವಿ ಕೇಳದ ಕಾರಣ ಸ್ಪೀಕರ್ ಹಾಕಿದ. ಎಲ್ಲ ಕೇಳಿಸಿಕೊಂಡ ಹನಮೇಶ, "ನಾಕು ಮಂದಿ ಮುಂದ ಅಂದಿದ್ರಿ ಮಿಸ್ತ್ರಿ. ನಾಕು ಮಂದಿ ಮುಂದ ಹೇಳ್ರಿ" ಎಂದ.

ತಾಹೇರ ಮೊಣಕಾಲು ಹಿಡಿದುಕೊಂಡು ಎದ್ದು ನಿಂತ. "ಕೇಳ್ರವ್ವಾ, ನೀರು ಹೊಕ್ಕದ್ದು ನಾ ಹಾಕಿದ ಪೈಪಿನಾಗಿಂದ. ಹನಮೇಶ ಖರೇ ಹೇಳಿದ್ದ. ನಾನ ಕೇಳಲಿಲ್ಲ."

ದೋಣಿಯ ಹೆಣ್ಣುಮಕ್ಕಳೆಲ್ಲ ಫೋನಿನತ್ತ ತಿರುಗಿದರು. "ಅಕ್ಕ ಅಲ್ಲೇ ಅದಾಳೇನ್ರಿ?" ಎಂದು ಹನಮೇಶನ ದನಿ ಕೇಳಿಸಿತು.

ಮಾರೆವ್ವ ಫೋನ್ ಇಸಿದುಕೊಂಡಳು.

"ಊಟ ಆತೇನೋ ತಮ್ಮಾ?" ಎಂದಳು.